ಇಂದಿನ ಚಿಂತನೆ: ಸಮ್ಯಕ್ ಆಜೀವ



ಶಾಲೆಯಲ್ಲಿ ನನ್ನದು ಕಂಪ್ಯೂಟರ್ ತರಬೇತಿ ಕೆಲಸ. ಮೊನ್ನೆ ಒಬ್ಬ ಹುಡುಗಿ ಹಿಂದೆಯೇ ನಿಂತಿದ್ದಳು.

"ನಾನು ಮುಟ್ಟಿದ್ರೆ ಕೆಡುತ್ತೆ ಸರ್."

"ಯಾರಮ್ಮ ಹೇಳಿದ್ದು?"

"ನೀವೇ."

ಹೌದು. ಹಿಂದಿನ ವಾರ "ಬಿಡು, ಕೆಡಿಸ್ತೀಯ" ಎಂದು ಅವಳ ಕೈಯಿಂದ ಮೌಸ್ ಕಿತ್ತುಕೊಂಡಿದ್ದೆ.

1900ರಲ್ಲಿ ಸಾತಾರಾದ ಶಾಲೆಗೆ ಸೇರಿದ ಬಾಲಕ ಭೀಮರಾವ್ ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ತಿರುಗಿಸಿದರೆ ಮಾತ್ರ ನೀರು. ಅಲ್ಲಿದ್ದದ್ದು ಜಾತಿ, ನನ್ನಲ್ಲಿದ್ದದ್ದು ಆತುರ. ಆದರೆ ಮಗುವಿನ ಕಿವಿಗೆ ಬಿದ್ದ ಮಾತು ಒಂದೇ: ಮುಟ್ಟಬೇಡ.

ಸಮ್ಯಕ್ ಆಜೀವ ಎಂದರೆ ಪ್ರಾಮಾಣಿಕ ಸಂಬಳವಷ್ಟೇ ಅಲ್ಲ, ನಮ್ಮ ದುಡಿಮೆಯಿಂದ ಯಾರೂ ಕುಗ್ಗದಿರುವುದು. ಈಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಲಿಸುತ್ತೇನೆ. ನಿನ್ನೆ ಅವಳು ನಿಧಾನವಾಗಿ ತನ್ನ ಹೆಸರನ್ನು ತಾನೇ ಟೈಪ್ ಮಾಡಿದಳು.

ಇಂದು ನಾವು ಯಾರ ಕೈಯಿಂದ ಏನು ಕಿತ್ತುಕೊಂಡೆವು? ಮಲಗುವ ಮುನ್ನ ಕೇಳಿಕೊಳ್ಳೋಣ.

ಜೈ ಭೀಮ್ 💙