ಕಣ್ಣೊಳಗಿನ ಕಾಡಿಗೆ

ಕಣ್ಣು ಲೋಕವನ್ನೆಲ್ಲ ಕಾಣುವುದು. ತನಗೆ ಹಚ್ಚಿದ ಕಾಡಿಗೆಯನ್ನು ಕಾಣದು. ರಾಜಕೀಯ ವಿಚಾರದಲ್ಲಿ ಮನುಷ್ಯನ ಬುದ್ಧಿಯೂ ಹೀಗೆಯೇ. ಅನ್ಯರ ಮತವು ಅವನಿಗೆ ಬರಿಯ ‘ವಾದ’ವಾಗಿ ತೋರುವುದು, ತನ್ನದು ಮಾತ್ರ ಲೋಕಸಹಜವಾದ ಸತ್ಯವೆನಿಸುವುದು.

ಇದಕ್ಕೆ ಆಂಗ್ಲ ತತ್ತ್ವಜ್ಞ ಜಾನ್ ಸ್ಟೂಅರ್ಟ್ ಮಿಲ್ಲನು ನಿದರ್ಶನ. ಭಿನ್ನಮತದವನು ಒಬ್ಬನೇ ಆಗಿದ್ದರೂ ಅವನ ಬಾಯಿ ಕಟ್ಟುವುದು ಅನ್ಯಾಯವೆಂದು, 1859ರಲ್ಲಿ ಪ್ರಕಟವಾದ ಸ್ವಾತಂತ್ರ್ಯವಿಚಾರದ ಗ್ರಂಥದಲ್ಲಿ ಅವನು ಸಾರಿದನು. ಸ್ತ್ರೀಯರಿಗೂ ಮತದಾನದ ಹಕ್ಕು ಸಲ್ಲಬೇಕೆಂದು 1867ರಲ್ಲಿ ಪಾರ್ಲಿಮೆಂಟಿನಲ್ಲಿ ವಾದಿಸಿದನು. ಆದರೆ ‘ಹಿಂದುಳಿದ’ ಜನಾಂಗಗಳಿಗೆ ಈ ತತ್ತ್ವವು ಅನ್ವಯಿಸದೆಂದೂ, ಅವರ ಏಳಿಗೆಯೇ ಗುರಿಯಾದರೆ ನಿರಂಕುಶ ಆಳಿಕೆಯೂ ಯುಕ್ತವೆಂದೂ ಅದೇ ಗ್ರಂಥದಲ್ಲಿ ಬರೆದನು.

ಅವನು ಕಪಟಿಯೇ? ಅಲ್ಲ. 1823ರಿಂದ 1858ರವರೆಗೆ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ದುಡಿದವನು. ಭಾರತವನ್ನು ಒಮ್ಮೆಯೂ ಕಂಡವನಲ್ಲ. ತಂದೆ ಜೇಮ್ಸ್ ಮಿಲ್ಲನೂ ಈ ದೇಶವನ್ನು ಕಾಣದೆಯೇ ಇದರ ಇತಿಹಾಸವನ್ನು ಬರೆದು, ಅದೇ ಕಂಪನಿಯ ಸೇವೆಗೆ ಸೇರಿದವನು. ಮನೆಯಿಂದಲೂ ವೃತ್ತಿಯಿಂದಲೂ ಬಂದ ನಂಬುಗೆಯು ನಂಬುಗೆಯೆಂದೇ ತೋರದು, ಅನ್ನನೀರಿನಂತೆ ಸಹಜವೆನಿಸುವುದು.

ಮಹಾಮತಿಗೇ ಹೀಗಾದರೆ ಸಾಮಾನ್ಯ ಗೃಹಸ್ಥನ ಪಾಡೇನು? ಸಭೆಯಲ್ಲಿ ಸಮತೆಯನ್ನು ಕೊಂಡಾಡಿದವನು, ಮನೆಯ ಆಳಿಗೆ ಬೇರೆ ಲೋಟವಿಟ್ಟುದನ್ನು ಗಮನಿಸದೆ ಊಟಕ್ಕೆ ಕುಳ್ಳಿರುವನು. ತನ್ನ ತತ್ತ್ವವು ಯಾರ ಬಳಿಗೆ ಬಂದಾಗ ನಿಂತುಬಿಡುವುದೆಂದು ಪ್ರತಿಯೊಬ್ಬನೂ ವಿಚಾರಿಸಬೇಕು. ಕಾಡಿಗೆಯನ್ನು ಕಾಣಲು ಕನ್ನಡಿ ಬೇಕು; ಹೊರಗುಳಿದವನ ಮಾತೇ ಆ ಕನ್ನಡಿ. ಭಿನ್ನಮತವನ್ನು ಆಲಿಸಿರೆಂಬ ಮಿಲ್ಲನ ಉಪದೇಶವೇ ಮಿಲ್ಲನ ದೋಷಕ್ಕೂ ಮದ್ದು.