ಭಾಮೆಯ ಬಾಗಿಲಿಗೆ ಬಂದವನು

ನನ್ನ ಅಣ್ಣನ ಮಗನಿಗೆ 2009ರ 'ಸ್ಟಾರ್ ಟ್ರೆಕ್' ಸಿನಿಮಾದ ಮೇಲೆ ಇಂದಿಗೂ ಸಿಟ್ಟು. ತಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಮುಗಿದುಹೋಗಿದ್ದ ಅದೇ ಹೆಸರಿನ ಹಳೆಯ ಧಾರಾವಾಹಿಯನ್ನು ಲ್ಯಾಪ್‌ಟಾಪಿನಲ್ಲಿ ಒಂದು ಕಂತೂ ಬಿಡದೆ ನೋಡಿ ಬೆಳೆದವನು ಅವನು. ಅದರಲ್ಲಿನ ಚೂಪು ಕಿವಿಯ ಸ್ಪಾಕ್ ಪಾತ್ರವನ್ನು ಆಡಿದ ಲೆನಾರ್ಡ್ ನಿಮಾಯ್ ಬಿಟ್ಟು ಇನ್ನೊಬ್ಬರು ಸ್ಪಾಕ್ ಆಗಲಾರರು ಎಂಬುದು ಅವನ ನಂಬಿಕೆ. ದೀಪಾವಳಿಗೆಂದು ಪುಣೆಯಿಂದ ಲೋಕಾಪುರಕ್ಕೆ ಬಂದಾಗಲೆಲ್ಲ ಈ ಮಾತು ಎದ್ದೇ ಏಳುತ್ತದೆ. "ಕಾಕಾ, ಹೆಸರು ಅದೇ ಐತಿ, ಕಿವಿ ಹಂಗೇ ಚೂಪ ಅದಾವು. ಆದ್ರ ಅಂವಾ ಇಂವಾ ಅಲ್ರಿ," ಅನ್ನುತ್ತಾನೆ.

ಇದನ್ನು ಹುಡುಗರ ಸಿನಿಮಾ ಹುಚ್ಚು ಎಂದು ನಾನು ತಳ್ಳಿಹಾಕಲಾರೆ. ಮೈ ಬದಲಾಗಿ, ಕಾಲ ಬದಲಾಗಿ, ನಡೆದ ಘಟನೆಗಳೂ ಬದಲಾದ ಮೇಲೆ ಯಾವ ಆಧಾರದಿಂದ ಒಬ್ಬನನ್ನು 'ಅವನೇ ಇವನು' ಎನ್ನುತ್ತೇವೆ? ವೇದಾಂತದ ಪಾಠದಲ್ಲಿ ಇದಕ್ಕೊಂದು ಹಳೆಯ ಉದಾಹರಣೆಯಿದೆ: ಆ ದೇವದತ್ತನೇ ಈತ. ಎಂದೋ ಎಲ್ಲೋ ಕಂಡಿದ್ದ ದೇವದತ್ತ ಇಂದು ಇಲ್ಲಿ ಎದುರಾಗಿದ್ದಾನೆ. ಅಂದಿನ ಊರು, ಅಂದಿನ ಕಾಲ, ಅಂದಿನ ಮೈ ಇಂದಿನವುಗಳಿಗೆ ಹೊಂದುವುದಿಲ್ಲ. ಹೊಂದದ್ದನ್ನೆಲ್ಲ ಬಿಡು, ಉಳಿಯುವವನು ದೇವದತ್ತ ಎನ್ನುತ್ತಾರೆ ಅದ್ವೈತಿಗಳು. ಜೀವ ಮತ್ತು ಬ್ರಹ್ಮ ಒಂದೇ ಎಂದು ತಿಳಿಸಲು ಅವರು ತಂದ ಮಾತು ಅದು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನಗೆ ಈ ಕ್ರಮ ಬಹಳ ಹಿಡಿಸುತ್ತದೆ. ಆದರೆ ಸ್ಪಾಕ್‌ನ ವಿಷಯದಲ್ಲಿ ಬಿಡುತ್ತ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದೇನು? ಮುಖ ಹೋಯಿತು, ಕಾಲ ಹೋಯಿತು, ಹೊಸ ಕಥೆಯಲ್ಲಿ ಅವನ ಗ್ರಹವೇ ಹೋಯಿತು.

ಆ ಧಾರಾವಾಹಿ ಅಮೆರಿಕದಲ್ಲಿ 1966ರಿಂದ 1969ರವರೆಗೆ ನಡೆದು 79 ಕಂತುಗಳಿಗೆ ನಿಂತಿತು. ಎರಡನೆಯ ವರ್ಷಕ್ಕೇ ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿದಾಗ ನೋಡುಗರು ರಾಶಿ ರಾಶಿ ಕಾಗದ ಬರೆದು ಇನ್ನೊಂದು ವರ್ಷ ಉಳಿಸಿಕೊಂಡಿದ್ದರು. ನಾನು ಕಂಡದ್ದು 1980ರ ದಶಕದಲ್ಲಿ, ಧಾರವಾಡದಲ್ಲಿ ಓದುವಾಗ, ಮಾಳಮಡ್ಡಿಯ ಸೋದರಮಾವನ ಮನೆಯಲ್ಲಿ. ದೂರದರ್ಶನದಲ್ಲಿ ಬರುತ್ತಿತ್ತು. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿದ್ದರೂ ದುಡುಕಿನ ಕರ್ಕ್, ನಗದ ಸ್ಪಾಕ್, ಇಬ್ಬರ ನಡುವೆ ಸಿಡಿಮಿಡಿಗೊಳ್ಳುವ ಡಾಕ್ಟರ್ ಮೆಕಾಯ್ ನನಗೆ ಮನೆಯವರೇ ಆಗಿಬಿಟ್ಟರು.

ಜೆ. ಜೆ. ಏಬ್ರಮ್ಸ್ 2009ರಲ್ಲಿ ಕಥೆಯನ್ನು ಮೊದಲಿಂದ ಶುರುಮಾಡಿದಾಗ ಹಳೆಯದನ್ನು ಅಳಿಸಲಿಲ್ಲ. 2387ರ ಭವಿಷ್ಯದಿಂದ ನೀರೋ ಎಂಬವನು ಹಿಂದೆ ಸರಿದು 2233ಕ್ಕೆ ಬರುತ್ತಾನೆ. ಕರ್ಕ್ ಹುಟ್ಟಿದ ದಿನವೇ ಅವನ ತಂದೆ ಸಾಯುತ್ತಾನೆ, ಅಲ್ಲಿಂದ ಕಾಲ ಬೇರೆ ಹಾದಿ ಹಿಡಿಯುತ್ತದೆ. ಮೊದಲಿನ ಕಾಲದಲ್ಲಿ ನಡೆದದ್ದು ಅಲ್ಲಿಯೇ ಭದ್ರವಾಗಿದೆ. ಆ ಕಾಲದಿಂದ ಮುಪ್ಪಾದ ಸ್ಪಾಕ್, ನಿಮಾಯ್ ಅವರೇ, ಇಲ್ಲಿಗೆ ಬಂದು ಸಿಕ್ಕಿಕೊಂಡಿದ್ದಾರೆ. ಹಿಮ ಕವಿದ ಗ್ರಹವೊಂದರ ಗವಿಯಲ್ಲಿ ತರುಣ ಕರ್ಕ್‌ನನ್ನು ಕಂಡೊಡನೆ ಗೆಳೆಯನೆಂದು ಗುರುತಿಸುತ್ತಾರೆ. ಅವನಿಗೋ ಈ ಮುದುಕ ಯಾರೆಂದೇ ತಿಳಿಯದು.

ಯೋಗವಾಸಿಷ್ಠ ಓದಿದವರಿಗೆ ಈ ಭೇಟಿ ಹೊಸದಲ್ಲ. ಮೇರುವಿನ ಕಲ್ಪವೃಕ್ಷದಲ್ಲಿ ಗೂಡು ಕಟ್ಟಿಕೊಂಡಿರುವ ಭುಶುಂಡ ಎಂಬ ಕಾಗೆ ಪ್ರಳಯಗಳನ್ನೇ ದಾಟಿ ಬದುಕಿದೆ. ವಸಿಷ್ಠರು ನೋಡಲು ಹೋದಾಗ ಅದು ಹೇಳುತ್ತದೆ: ಇದು ನಿಮ್ಮ ಎಂಟನೆಯ ಜನ್ಮ, ನಾವು ಭೇಟಿಯಾಗುತ್ತಿರುವುದೂ ಎಂಟನೆಯ ಸಲ. ಒಬ್ಬನಿಗೆ ಎಲ್ಲ ನೆನಪಿದೆ, ಎದುರಿಗೆ ನಿಂತವನಿಗೆ ಏನೂ ಇಲ್ಲ. ಭುಶುಂಡ ಕಂಡ ಲೋಕಗಳಲ್ಲಿ ಕಡಲು ಕಡೆದದ್ದೂ ಹಲವು ಸಲ, ರಾಮಾಯಣ ನಡೆದದ್ದೂ ಹಲವು ಸಲ, ಕೆಲವೊಮ್ಮೆ ಮೊದಲಿನ ಹಾಗೆ, ಕೆಲವೊಮ್ಮೆ ಬೇರೆ ಹಾಗೆ. ಒಂದು ಪುರಾಣ ಇನ್ನೊಂದಕ್ಕೆ ಹೊಂದದಿದ್ದಾಗ ವ್ಯಾಖ್ಯಾನಕಾರರು ಕಲ್ಪಭೇದ ಎಂದು ಬಗೆಹರಿಸಿದರು. 432 ಕೋಟಿ ವರ್ಷಗಳ ಒಂದು ಕಲ್ಪದಲ್ಲಿ ಹೀಗಾಯಿತು, ಇನ್ನೊಂದರಲ್ಲಿ ಹಾಗಾಯಿತು. ಹುಡುಗನಿಗೆ ಇದನ್ನು ಹೇಳಿದರೆ, "ಅದು ತಪ್ಪಿಸಿಕೊಳ್ಳೋ ಹಾದಿ ಅಲ್ರಿ ಕಾಕಾ?" ಎಂದ. ಅವನ ಮಾತಿನಲ್ಲಿ ಹುರುಳಿದೆ. ಎರಡೂ ಖರೆ ಎಂದುಬಿಟ್ಟರೆ ಜಗಳವೇನೋ ಮುಗಿಯುತ್ತದೆ, ಆದರೆ ಎರಡೂ ಕಲ್ಪದ ರಾಮ ಒಬ್ಬನೇ ಹೇಗೆ ಎಂಬುದು ಹಾಗೇ ಉಳಿಯುತ್ತದೆ.

ನನಗೆ ಉತ್ತರ ಸಿಕ್ಕದ್ದು ನಮ್ಮ ಭಾಗದ ಶ್ರೀಕೃಷ್ಣ ಪಾರಿಜಾತ ಎಂಬ ಆಟದಲ್ಲಿ. ಅಪರಾಳ ತಮ್ಮಣ್ಣ ಬರೆದದ್ದು, ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದ್ದು, ಕೌಜಲಗಿ ನಿಂಗಮ್ಮನಂಥವರು ಊರೂರಿಗೆ ಮುಟ್ಟಿಸಿದ್ದು. ಲೋಕಾಪುರ, ಮುಧೋಳ, ಬೀಳಗಿ, ಜಮಖಂಡಿ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಪಾರಿಜಾತ. ಕಥೆ ತೀರಾ ಸಣ್ಣದು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಭಾಮೆಗೆ ಸಿಟ್ಟು ಬಂತು, ಅವನು ಬಂದು ರಮಿಸಬೇಕು. ಇಷ್ಟಕ್ಕೇ ಬೆಳಗಾಗುತ್ತದೆ. ಪೇಟಿ, ತಬಲಾ, ತಾಳ, ಭಾಗವತನ ಪ್ರಶ್ನೆಗೆ ದೂತಿಯ ಜಾಣ ಉತ್ತರ, ಭಾಮೆ ಬರುವಾಗಿನ ಆ ಠೀವಿ. ಕಥೆ ಏನಾಗುತ್ತದೆಂದು ಕೂತವರಿಗೆಲ್ಲ ಗೊತ್ತು, ಹಾಡುಗಳೂ ಅರ್ಧಕ್ಕರ್ಧ ಬಾಯಿಗೆ ಬರುತ್ತವೆ. ಆದರೂ ಭಾಮೆ ಮುನಿದಾಗ ಎದೆ ಪ್ರತಿಸಲವೂ ಹೊಸದಾಗಿ ಹೊಡೆದುಕೊಳ್ಳುತ್ತದೆ. ನಾನು ಕಂಡ ಕೃಷ್ಣರಲ್ಲಿ ಗಂಡಸರಿದ್ದರು, ಹೆಂಗಸರಿದ್ದರು, ಎತ್ತರದವರಿದ್ದರು, ಗಿಡ್ಡನೆಯವರಿದ್ದರು. ಮೇಳಗಳಲ್ಲಿ ಮುಸ್ಲಿಂ ಕಲಾವಿದರೂ ಇದ್ದರು. ಯಾರೂ ಎದ್ದುನಿಂತು ಇವನು ಕೃಷ್ಣನಲ್ಲ ಎನ್ನಲಿಲ್ಲ.

ಒಂದು ಸಲ ಹೊಸ ಮೇಳ ಬಂದಿತ್ತು. ಕೃಷ್ಣ ಹಳಬನ ಹಾಗೆ ಹಾಡಲಿಲ್ಲವೆಂದು ಹುಡುಗನಾದ ನನಗೆ ಬೇಸರ. ಕೌದಿ ಹೊದ್ದು ಪಕ್ಕದಲ್ಲಿ ಕೂತಿದ್ದ ಅವ್ವ ಆಟದಿಂದ ಕಣ್ಣು ತೆಗೆಯದೆ, "ಯಾರಾದರ ಏನ್ ತಮ್ಮಾ, ಭಾಮಿ ಬಾಗಲಕ್ಕ ಬಂದ್ನೋ ಇಲ್ಲೋ?" ಎಂದಳು.

ಅವ್ವನ ಈ ಮಾತು ದೇವದತ್ತನ ಪಾಠಕ್ಕಿಂತ ಮುಂದೆ ಹೋಗುತ್ತದೆಂದು ನಾನು ಮನಸಾರೆ ನಂಬಿದ್ದೇನೆ. ಪಾಠದಲ್ಲಿ ದೇವದತ್ತನೊಬ್ಬನನ್ನೇ ನಿಲ್ಲಿಸಿ ಒಂದೊಂದಾಗಿ ಕಳಚುತ್ತಾರೆ. ಅವ್ವ ಕೃಷ್ಣನೊಬ್ಬನನ್ನೇ ನೋಡುತ್ತಿರಲಿಲ್ಲ, ಕೃಷ್ಣನನ್ನೂ ಭಾಮೆಯನ್ನೂ ಕೂಡಿಸಿ ನೋಡುತ್ತಿದ್ದಳು. ಅವಳ ಸಿಟ್ಟಿಗೆ ಸೋತು ಬರುವವನು ಯಾರೋ ಅವನೇ ಕೃಷ್ಣ. ಅಧ್ಯಾತ್ಮ ರಾಮಾಯಣದ ಸೀತೆಯೂ ಇದನ್ನೇ ಹೇಳುತ್ತಾಳೆ. ಕಾಡಿಗೆ ಬರಬೇಡವೆನ್ನುವ ರಾಮನ ಎದುರು ಅವಳು ಹೂಡುವ ಕೊನೆಯ ವಾದ ಹೀಗಿದೆ: ಎಷ್ಟೋ ರಾಮಾಯಣಗಳನ್ನು ಕೇಳಿದ್ದೇನೆ, ಸೀತೆಯನ್ನು ಬಿಟ್ಟು ರಾಮ ಕಾಡಿಗೆ ಹೋದದ್ದು ಯಾವುದರಲ್ಲಾದರೂ ಇದೆಯೇ? ರಾಮಾಯಣಗಳು ಹಲವು ಎಂಬುದನ್ನು ಅವಳು ಒಪ್ಪಿದ್ದಾಳೆ. ಹಲವುಗಳ ನಡುವೆ ಅಲುಗದೆ ನಿಂತ ಒಂದೇ ಒಂದನ್ನು ಹಿಡಿದು ವಾದ ಗೆಲ್ಲುತ್ತಾಳೆ.

ಸಿನಿಮಾದಲ್ಲೂ ಇಂಥದನ್ನು ಕಂಡಿದ್ದೇನೆ. 2022ರ ಮಾರ್ಚ್ 17ರಂದು, ಪುನೀತ್ ರಾಜಕುಮಾರ್ ತೀರಿಕೊಂಡ ಮೇಲೆ ಬಂದ ಅವರ ಮೊದಲ ಹುಟ್ಟುಹಬ್ಬಕ್ಕೆ, 'ಜೇಮ್ಸ್' ಬಿಡುಗಡೆಯಾದಾಗ ತೆರೆಯ ಮೇಲಿನ ಮೈ ಪುನೀತರದು, ದನಿ ಅಣ್ಣ ಶಿವರಾಜಕುಮಾರರದು. ನಾನು ಕೂತಿದ್ದ ಥಿಯೇಟರಿನಲ್ಲಿ ಆ ದನಿ ಬೇರೆಯವರದೆಂದು ಯಾರೂ ಮುಖ ತಿರುಗಿಸಲಿಲ್ಲ. ತಮ್ಮನ ಮಾತನ್ನು ಅಣ್ಣ ಆಡುತ್ತಿದ್ದಾನೆ ಎಂಬುದೇ ಅವರನ್ನು ಅಳಿಸಿತು.

ಕಥೆ ಬದಲಾದರೂ ನಂಟು ಉಳಿದರೆ ಅವನೇ ಇವನು ಎಂಬುದಕ್ಕೆ ಮುಧೋಳ ಸೀಮೆಯವರಾದ ನಮಗೆ ಸಾವಿರ ವರ್ಷದ ಸಾಕ್ಷಿಯಿದೆ. ಪಂಪ 941ರಲ್ಲಿ ಅರ್ಜುನನನ್ನು ಅರಿಕೇಸರಿಯೊಡನೆ ಒಂದುಮಾಡಿ ಭಾರತ ಹೇಳಿದ್ದ. ಕೆಲವೇ ದಶಕಗಳಲ್ಲಿ ನಮ್ಮ ಮುಧೋಳದ ಬಳೆಗಾರರ ಮನೆಯ ರನ್ನ ನಾಯಕನನ್ನೇ ಬದಲಿಸಿದ. ಭೀಮನನ್ನು ಚಾಲುಕ್ಯ ಸತ್ಯಾಶ್ರಯನೊಡನೆ ಕೂಡಿಸಿ, ಯುದ್ಧದ ಕೊನೆಯ ದಿನದಲ್ಲಿ ನಿಂತು, ಹಿಂದಿನದನ್ನೆಲ್ಲ ಸಿಂಹಾವಲೋಕನದಲ್ಲಿ ತೋರಿಸಿದ. ಅವನ 'ಗದಾಯುದ್ಧ'ದ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಗುರು ದ್ರೋಣನ ಮುಂದೆ, ಮಗನ ಮುಂದೆ, ದುಶ್ಶಾಸನನ ಮುಂದೆ, ಕರ್ಣನ ಮುಂದೆ ನಿಂತು ದುಃಖಿಸುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುತ್ತಾನೆ. ಇಷ್ಟು ದೊಡ್ಡ ಮನಸ್ಸಿನವನಾದ ಮೇಲೂ ಇವನು ಬೇರೆ ಯಾರೋ ಎಂದು ನಮಗೆ ಅನಿಸುವುದಿಲ್ಲ. ಕರ್ಣನ ಮೇಲಿನ ಗೆಳೆತನವೂ ಭೀಮನ ಮೇಲಿನ ಹಗೆಯೂ ಒಂದಿಷ್ಟೂ ಸಡಿಲಾಗಿಲ್ಲ.

ಸಿನಿಮಾದ ಪಾತ್ರವನ್ನೂ ದೇವರನ್ನೂ ನಾನು ಸಮ ಮಾಡುತ್ತಿಲ್ಲ. ಕೃಷ್ಣನಿಗೆ ಜನ ಮನೆಯಲ್ಲೂ ಕೈಮುಗಿಯುತ್ತಾರೆ, ಕಷ್ಟದಲ್ಲಿ ಕರೆಯುತ್ತಾರೆ. ಇನ್ನೊಂದು ಭೇದ ನನ್ನನ್ನು ಹೆಚ್ಚು ಕಾಡುತ್ತದೆ. ಸ್ಪಾಕ್‌ಗೆ ಮಾಲೀಕರಿದ್ದಾರೆ. 'ಆಕ್ಸನಾರ್' ಎಂಬ ಸ್ಟಾರ್ ಟ್ರೆಕ್ ಕಥೆಯನ್ನು ಅಭಿಮಾನಿಗಳೇ ಹಣ ಕೂಡಿಸಿ ತೆಗೆಯಹೊರಟಾಗ 2015ರ ಕೊನೆಯಲ್ಲಿ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಕೋರ್ಟಿಗೆ ಹೋದವು, 2017ರಲ್ಲಿ ರಾಜಿಯಾಯಿತು. ನಡುವೆ 2016ರಲ್ಲಿ ಅಭಿಮಾನಿಗಳ ಚಿತ್ರಗಳಿಗೆ ನಿಯಮ ಬಂತು: ಒಂದು ಕಥೆ 15 ನಿಮಿಷ, ಎರಡು ಭಾಗವಾದರೆ ಹೆಚ್ಚೆಂದರೆ 30 ನಿಮಿಷ. ಹಣ ಹಾಕಿದವರ ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಾರಿಜಾತಕ್ಕೆ ಇಂಥ ನಿಯಮವಿದ್ದಿದ್ದರೆ ಅಪರಾಳದಿಂದ ಕುಲಗೋಡಕ್ಕೆ ಅದು ಬರುತ್ತಲೇ ಇರಲಿಲ್ಲ. ಒಂದು ನಂಟನ್ನು ಪ್ರೀತಿಸಿದವರಿಗೆ ಅದನ್ನು ತಮ್ಮ ಬಾಯಲ್ಲಿ ಹೇಳಬೇಕೆನಿಸುತ್ತದೆ, ಅದು ಸಹಜ. ಹಾಗೆ ಹೇಳುವ ಅಧಿಕಾರ ಕೊಡದೆ ಬರಿಯ ನೋಡುವ ಅಧಿಕಾರ ಕೊಟ್ಟರೆ, 'ಇವನು ಅವನಲ್ಲ' ಎಂದು ಸಿಟ್ಟಾಗುವುದಷ್ಟೇ ಅವರ ಪಾಲಿಗೆ ಉಳಿಯುತ್ತದೆ. ಹುಡುಗನ ಸಿಟ್ಟಿನ ಬೇರು ಇಲ್ಲಿಯೂ ಇದೆ ಎಂಬುದು ನನ್ನ ಅನಿಸಿಕೆ.

ಅವನ ಒಂದು ತಕರಾರನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಹಳಬರೇ ಇದ್ದ 1982ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ತಮ್ಮ ಬಾಹ್ಯಾಕಾಶ ಹಡಗನ್ನು ಉಳಿಸಲು ಸ್ಪಾಕ್ ಸಾಯುತ್ತಾನೆ. ಗಾಜಿನ ಗೋಡೆಯ ಆಚೆ ಅವನು, ಈಚೆ ಕರ್ಕ್. 2013ರ ಹೊಸ ಸಿನಿಮಾ ಅದೇ ದೃಶ್ಯವನ್ನು ತಿರುವುಮುರುವು ಮಾಡಿತು. ಸಾಯುವವನು ಕರ್ಕ್, ಹೊರಗೆ ನಿಂತವನು ಸ್ಪಾಕ್. ಅದೇ ಸಿನಿಮಾ ಮುಗಿಯುವುದರೊಳಗೆ ಕರ್ಕ್ ಬದುಕಿಯೂ ಬಿಡುತ್ತಾನೆ. ಮೊದಲಿನ ಸಾವಿನ ಹಿಂದೆ 1966ರಿಂದ ಕೂಡಿಬಂದ ಗೆಳೆತನವಿತ್ತು. ಹೊಸ ಇಬ್ಬರೂ ಆಗಿನ್ನೂ ಪರಿಚಯವಾಗುತ್ತಿದ್ದರು. ಹಳಬರ ನಂಟನ್ನು ಹೊಸಬರು ಎರವಲು ತಂದರು, ಬಾಳಿ ಗಳಿಸಲಿಲ್ಲ. ಪಾರಿಜಾತದ ಭಾಮೆ ನಿನ್ನೆಯೂರಿನ ಸಿಟ್ಟನ್ನು ಇಂದಿನೂರಿಗೆ ತರುವುದಿಲ್ಲ. ಮೊದಲಿಂದ ಮುನಿಯುತ್ತಾಳೆ, ಅವನು ಮೊದಲಿಂದ ರಮಿಸಬೇಕು, ಅದಕ್ಕಾಗಿಯೇ ರಾತ್ರಿಯಿಡೀ ಬೇಕು.

ನಿಮಾಯ್ 2015ರ ಫೆಬ್ರವರಿಯಲ್ಲಿ ತೀರಿಕೊಂಡರು. ಮರುವರ್ಷದ 'ಸ್ಟಾರ್ ಟ್ರೆಕ್ ಬಿಯಾಂಡ್'ನಲ್ಲಿ ತರುಣ ಸ್ಪಾಕ್‌ಗೆ ಮುದಿ ಸ್ಪಾಕ್ ಸತ್ತ ಸುದ್ದಿ ಬರುತ್ತದೆ. ಹಡಗು ಬಿಟ್ಟು ಅವನ ಕೆಲಸವನ್ನು ತಾನು ಮುಂದುವರಿಸಬೇಕೆಂದು ಇವನು ಯೋಚಿಸುತ್ತಾನೆ. ಕೊನೆಗೆ ಅವನ ಪೆಟ್ಟಿಗೆಯಲ್ಲಿ ಒಂದು ಫೋಟೋ ಸಿಗುತ್ತದೆ: ವಯಸ್ಸಾದ ಹಳೆಯ ಕರ್ಕ್, ಹಳೆಯ ಮೆಕಾಯ್, ಹಳೆಯ ಸ್ಪಾಕ್, ಎಲ್ಲರೂ ಒಟ್ಟಿಗೆ. ಅದನ್ನು ನೋಡಿದ ಮೇಲೆ ಇವನು ತನ್ನವರ ಜೊತೆಗೇ ಉಳಿಯುತ್ತಾನೆ. ಹಳಬನ ಹಾಗೆ ಬಾಳಲು ಹಳಬನ ಕೆಲಸವನ್ನೇ ಹಿಡಿಯಬೇಕಿಲ್ಲ, ಹಳಬನ ಹಾಗೆ ಇವರೊಡನೆ ಇದ್ದರಾಯಿತು ಎಂದು ಆ ಸ್ಪಾಕ್‌ಗೆ ತಿಳಿಯಿತು. ಹೋದ ದೀಪಾವಳಿಗೆ ಈ ಭಾಗವನ್ನು ಇಬ್ಬರೂ ಕೂತು ಮತ್ತೆ ನೋಡಿದೆವು. "ಇದೊಂದು ಖರೆ ಐತ್ರಿ," ಎಂದ. 2009ರದರ ಬಗ್ಗೆ ಅವನ ಮನಸ್ಸು ಇನ್ನೂ ಬದಲಾಗಿಲ್ಲ. ಯುಗಾದಿಗೆ ಬಂದಾಗ ಹತ್ತಿರದ ಯಾವುದಾದರೂ ಹಳ್ಳಿಯಲ್ಲಿ ಪಾರಿಜಾತವಿದ್ದರೆ ಕರೆದುಕೊಂಡು ಹೋಗುತ್ತೇನೆಂದು ಹೇಳಿದ್ದೇನೆ, ಬರುತ್ತೇನೆ ಎಂದಿದ್ದಾನೆ.