ದಾರಿ ತಪ್ಪಿದರೂ ಜೊತೆ ತಪ್ಪದಿರಲಿ



ನಮ್ಮ ಹಿರಿಯರ ಕಾಲದಲ್ಲಿ ಮನೆಮಂದಿಯೆಲ್ಲ ಸೇರಿ ದೂರದ ಪ್ರಯಾಣ ಹೊರಡುವುದೆಂದರೆ ಜನವರಿಯ ಅತ್ತೂರು ಸಾಂತ್‌ಮಾರಿಗೆ. ಕಾಪುವಿನಿಂದಲೋ ಉಡುಪಿಯಿಂದಲೋ ಬಸ್ಸು ಹಿಡಿದು ಕಾರ್ಕಳ ತಲುಪಿ, ಸಂತ ಲಾರೆನ್ಸರ ಮುಂದೆ ಮೊಂಬತ್ತಿ ಉರಿಸಿ, ಸಂಜೆ ಮಿಠಾಯಿ ಪೊಟ್ಟಣದೊಂದಿಗೆ ಮನೆಗೆ ಮರಳಿದರೆ ವರ್ಷದ ಪ್ರವಾಸ ಮುಗಿಯಿತು. ಇಂದು ಕಾಲ ಬದಲಾಗಿದೆ. ಗಲ್ಫಿನಲ್ಲಿ ದುಡಿದವರು, ಮಕ್ಕಳು ಒಳ್ಳೆಯ ಕೆಲಸದಲ್ಲಿರುವವರು ಸಮುದ್ರ ದಾಟಿ ದೇಶ ನೋಡಿ ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ದೇವರು ಸೃಷ್ಟಿಸಿದ ಲೋಕವನ್ನು ನೋಡಿ ಆನಂದಿಸುವುದೂ ಒಂದು ಬಗೆಯ ಸ್ತುತಿಯೇ.

ಆದರೆ ಪ್ರಯಾಣ ಉದ್ದವಾದಷ್ಟೂ ಎಡವುವ ಕಲ್ಲುಗಳು ಹೆಚ್ಚು. ಅಂಥ ಒಂದು ಪ್ರವಾಸದ ಕಥೆಯನ್ನು, ಆ ದಂಪತಿಯ ಹೆಸರು ಹೇಳದೆ, ಇಂದು ನಿಮ್ಮ ಮುಂದೆ ಇಡುತ್ತೇನೆ.

ಆತ ಕಾಪುವಿನ ಕಡಲ ಬದಿಯಲ್ಲಿ ಬೆಳೆದವರು. ಗಲ್ಫಿನಲ್ಲಿ ಬಹುಕಾಲ ದುಡಿದು ಊರಿಗೆ ಮರಳಿದವರು. ಆಕೆ ಉಡುಪಿಯಲ್ಲಿ ಶಿಕ್ಷಕಿ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ, ಮಣಿಪಾಲದಲ್ಲಿ ಕೆಲಸದಲ್ಲಿರುವ ಮಗಳು ಅಪ್ಪ ಅಮ್ಮನಿಗೆಂದು ದಕ್ಷಿಣ ಅಮೆರಿಕದ ಪ್ರವಾಸ ಏರ್ಪಡಿಸಿದಳು. ರಿಯೊ ಡಿ ಜನೈರೊದ ಬೆಟ್ಟದ ಮೇಲೆ ಕೈಚಾಚಿ ನಿಂತ ಕ್ರಿಸ್ತ, ಅಪರೆಸಿದಾ ಮಾತೆಯ ಪುಣ್ಯಕ್ಷೇತ್ರ, ಬ್ರೆಜಿಲ್ ಮತ್ತು ಅರ್ಜೆಂಟೀನಾ ಗಡಿಯ ಇಗುವಾಸು ಜಲಪಾತ, ಕೊನೆಗೆ ಪೆರುವಿನ ಲಿಮಾ, ಕುಸ್ಕೊ ಮತ್ತು ಮಾಚು ಪಿಚು. ಹದಿನೈದು ದಿನ, ಐದಾರು ಊರು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿಯೇ ಇತ್ತು.

ಮೊದಲ ವಿಮಾನವೇ ತಡವಾಯಿತು. ಅದರಿಂದ ಮುಂದಿನ ವಿಮಾನ ತಪ್ಪಿತು. ರಿಯೊ ತಲುಪಿದಾಗ ಇವರು ಬಂದರು, ಪೆಟ್ಟಿಗೆ ಬರಲಿಲ್ಲ. ಆಕೆಯ ರಕ್ತದೊತ್ತಡದ ಮಾತ್ರೆ, ಬೆಳ್ಳಿಹಬ್ಬದ ಬಲಿಪೂಜೆಗೆಂದು ಇಟ್ಟುಕೊಂಡಿದ್ದ ಸೀರೆ ಎಲ್ಲವೂ ಅದರೊಳಗೆ. "ಮಾತ್ರೆಯನ್ನು ಕೈಚೀಲದಲ್ಲಿ ಇಟ್ಟುಕೋ ಎಂದು ನಾನು ಹೇಳಿರಲಿಲ್ಲವೇ?" ಎಂದರು ಆತ. "ನೀವು ಹೇಳಿದ್ದು ಪಾಸ್‌ಪೋರ್ಟಿನ ವಿಷಯ ಮಾತ್ರ" ಎಂದರು ಆಕೆ. ಅಲ್ಲಿಂದ ಮಾತು ಬೆಳೆಯಿತು. ಪೆಟ್ಟಿಗೆಯ ವಿಷಯ ಬಿಟ್ಟು, ಮಗಳು ಹುಟ್ಟಿದಾಗ ಆತ ಊರಿಗೆ ಬರಲಿಲ್ಲವೆಂಬ ಹಳೆಯ ನೋವಿನವರೆಗೂ ಹೋಯಿತು. ಮಾತ್ರೆಯೇನೋ ಅಂಗಡಿಯಲ್ಲಿ ಸಿಕ್ಕಿತು. ಮೂರನೆಯ ದಿನ ಪೆಟ್ಟಿಗೆಯೂ ಬಂತು. ಆದರೆ ಮಾತು ಮರಳಿ ಬರಲಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತೂ ಇಬ್ಬರೂ ಒಂಟಿಯಾದರು.

ಪ್ರಿಯರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಪ್ರವಾಸದಲ್ಲಿ ಕಳೆದುಹೋದದ್ದು ಪೆಟ್ಟಿಗೆಯೇ? ಅಲ್ಲ. ಅದಕ್ಕಿಂತ ಬೆಲೆಯುಳ್ಳದ್ದು.

ಪ್ರಯಾಣದಲ್ಲಿ ಇನ್ನೂ ದೊಡ್ಡದನ್ನು ಕಳೆದುಕೊಂಡ ಒಂದು ಕುಟುಂಬವನ್ನು ಸಂತ ಲೂಕರ ಶುಭಸಂದೇಶದಲ್ಲಿ ನಾವು ಕಾಣುತ್ತೇವೆ. ಪಾಸ್ಖ ಹಬ್ಬ ಮುಗಿಸಿ ಜೆರುಸಲೇಮಿನಿಂದ ಮರಳುವಾಗ ಮರಿಯ ಮತ್ತು ಜೋಸೆಫರು ಹನ್ನೆರಡು ವರ್ಷದ ಬಾಲಯೇಸುವನ್ನೇ ಕಳೆದುಕೊಂಡರು. ಜೊತೆಗಾರರ ಗುಂಪಿನಲ್ಲಿ ಎಲ್ಲೋ ಇದ್ದಾನೆಂದು ತಿಳಿದು ಒಂದು ದಿನದ ದಾರಿ ನಡೆದೂ ಬಿಟ್ಟಿದ್ದರು. ನಮ್ಮ ಮನೆಯಲ್ಲಿ ಹೀಗಾಗಿದ್ದರೆ ಏನಾಗುತ್ತಿತ್ತು? "ನಿನ್ನ ಜೊತೆ ಇದ್ದಾನೆಂದುಕೊಂಡೆ," "ಅಲ್ಲ, ನೋಡಿಕೊಳ್ಳಬೇಕಾದವರು ನೀವು." ಅಂಥ ಒಂದು ಮಾತನ್ನೂ ಲೂಕರು ಬರೆದಿಲ್ಲ. ಅವರು ಮೊದಲು ಬಂಧುಗಳಲ್ಲಿ ಹುಡುಕಿದರು. ಸಿಗದಾಗ ಬಂದ ದಾರಿಯಲ್ಲೇ ಹಿಂದೆ ನಡೆದರು. ಇಬ್ಬರೂ ಒಟ್ಟಿಗೇ ನಡೆದರು. ಮೂರು ದಿನಗಳ ಮೇಲೆ ಮಗನನ್ನು ದೇವಾಲಯದಲ್ಲಿ ಕಂಡಾಗ ಮರಿಯ ಮಾತೆ ಆಡಿದ ಮಾತನ್ನು ಗಮನಿಸಿ. ತನ್ನ ಸಂಕಟವೊಂದನ್ನೇ ಆಕೆ ಹೇಳಿಕೊಳ್ಳಲಿಲ್ಲ. ಜೋಸೆಫರ ಸಂಕಟವನ್ನೂ ಸೇರಿಸಿ, ಅವರನ್ನೇ ಮೊದಲು ಹೆಸರಿಸಿ ಹೇಳಿದರು. ಮಗ ಕಳೆದುಹೋಗಿದ್ದಾಗಲೂ ಅವರು ಒಬ್ಬರನ್ನೊಬ್ಬರು ಕಳೆದುಕೊಂಡಿರಲಿಲ್ಲ.

ಮತ್ತೆ ನಮ್ಮ ದಂಪತಿಯ ಕಡೆಗೆ ಬರೋಣ. ಮಾತಿಲ್ಲದೆಯೇ ಅವರು ಅಪರೆಸಿದಾ ತಲುಪಿದರು. ಅಲ್ಲಿ ಆ ಕ್ಷೇತ್ರದ ಕಥೆ ಕೇಳಿದರು. 1717ರಲ್ಲಿ, ಬರಲಿದ್ದ ದೊಡ್ಡ ಅಧಿಕಾರಿಯೊಬ್ಬರ ಔತಣಕ್ಕೆ ಮೀನು ಬೇಕೆಂದು ಮೂವರು ಬಡ ಬೆಸ್ತರನ್ನು ಪರೈಬಾ ನದಿಗೆ ಕಳಿಸಿದ್ದರು. ಎಷ್ಟು ಬಲೆ ಬೀಸಿದರೂ ಮೀನಿಲ್ಲ. ಒಮ್ಮೆ ಬಲೆಯಲ್ಲಿ ತಲೆಯಿಲ್ಲದ ಪುಟ್ಟದೊಂದು ಮಣ್ಣಿನ ಪ್ರತಿಮೆ ಬಂತು; ಇನ್ನೊಮ್ಮೆ ಬೀಸಿದಾಗ ಅದರ ತಲೆ. ಎರಡನ್ನೂ ಜೋಡಿಸಿದರೆ ಅದು ಮರಿಯ ಮಾತೆಯ ಪ್ರತಿಮೆ. ಆಮೇಲೆ ಬೀಸಿದ ಬಲೆಗೆ ದೋಣಿ ತುಂಬುವಷ್ಟು ಮೀನು. ಇಂದು ಆಕೆ ಬ್ರೆಜಿಲ್ ದೇಶದ ಪಾಲಕಿ. 1978ರಲ್ಲಿ ಆ ಪ್ರತಿಮೆ ಒಬ್ಬನ ಕೈಯಲ್ಲಿ ಸಿಕ್ಕಿ ಬಿದ್ದು ನೂರಕ್ಕೂ ಹೆಚ್ಚು ಚೂರಾಯಿತು. ಬಲ್ಲವರು ತಾಳ್ಮೆಯಿಂದ ಚೂರು ಚೂರನ್ನೂ ಕೂಡಿಸಿ ಮತ್ತೆ ನಿಲ್ಲಿಸಿದರು.

ಕಾಪುವಿನ ದೀಪಸ್ತಂಭದ ಕೆಳಗೆ ಕೈರಂಪಣಿ ಎಳೆಯುವವರನ್ನು ನೋಡಿ ಬೆಳೆದ ಆ ಮನುಷ್ಯನಿಗೆ ಬರಿಯ ಬಲೆಯ ಭಾರ ಏನೆಂದು ಗೊತ್ತಿತ್ತು. ಹೊತ್ತಾರೆಯಿಂದ ಎಳೆದು, ಕೊನೆಗೆ ಬಲೆಯಲ್ಲಿ ಕಸಕಡ್ಡಿಯಷ್ಟೇ ಕಂಡಾಗ ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋಗುವವರನ್ನು ಅವರು ಕಂಡಿದ್ದರು. "ಆ ಬೆಸ್ತರು ಮೀನು ಸಿಗಲಿಲ್ಲವೆಂದು ಜಗಳಾಡಿ ದೋಣಿ ತಿರುಗಿಸಿದ್ದರೆ ತಲೆ ಸಿಗುತ್ತಿರಲಿಲ್ಲ ಅಲ್ಲವೇ?" ಎಂದರಂತೆ ಆತ. ಮೂರು ದಿನಗಳಲ್ಲಿ ಅದೇ ಮೊದಲ ಮಾತು. ಆಕೆ ಉತ್ತರಿಸಲಿಲ್ಲ. ಆದರೆ ಜಪಸರದ ಒಂದು ತುದಿಯನ್ನು ಅವರ ಕೈಗೆ ಕೊಟ್ಟರು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಕುಸ್ಕೊ ನಗರ ಸಮುದ್ರಮಟ್ಟದಿಂದ ಸುಮಾರು 3,400 ಮೀಟರು ಎತ್ತರದಲ್ಲಿದೆ. ಆಗುಂಬೆ ಘಾಟಿ ಏರಿದರೇ ಕಿವಿ ಮುಚ್ಚುವ ಕಡಲತೀರದ ಜನ ನಾವು. ಕಡಲ ಬದಿಯ ಲಿಮಾದಿಂದ ವಿಮಾನದಲ್ಲಿ ಅಷ್ಟು ಎತ್ತರಕ್ಕೆ ಒಮ್ಮೆಲೇ ಹೋದರೆ ಗಾಳಿಯಲ್ಲಿ ಪ್ರಾಣವಾಯು ಸಾಲದೆ ತಲೆನೋವು, ವಾಂತಿ, ಉಸಿರಾಟದ ತೊಂದರೆ ಬರುವುದುಂಟು. ಆತ ಹಾಸಿಗೆ ಹಿಡಿದರು. ಮಾಚು ಪಿಚುವಿಗೆ ಗೊತ್ತು ಮಾಡಿದ್ದ ದಿನ ದಾಟಿತು; ಹಣವೂ ಹೋಯಿತು. ಈ ಸಲ "ನಾನು ಹೇಳಿರಲಿಲ್ಲವೇ" ಎನ್ನುವ ಸರದಿ ಆಕೆಯದಾಗಿತ್ತು. ಆದರೆ ಆಕೆ ವೈದ್ಯರನ್ನು ಕರೆಸಿದರು, ಪಕ್ಕದಲ್ಲಿ ಕುಳಿತರು, ಅಷ್ಟೇ. ಮರುದಿನ ಸ್ವಲ್ಪ ಚೇತರಿಸಿದ ಮೇಲೆ ಇಬ್ಬರೂ ನಿಧಾನವಾಗಿ ನಡೆದು ಪ್ರಧಾನ ದೇವಾಲಯಕ್ಕೆ ಹೋದರು. ಅಲ್ಲಿ ಕಪ್ಪಾದ ಒಂದು ಶಿಲುಬೆಯ ಪ್ರತಿಮೆಯಿದೆ. 1650ರ ಭೂಕಂಪದಲ್ಲಿ ನಗರ ನಡುಗಿದಾಗ ಜನ ಅದನ್ನು ಹೊತ್ತು ಬೀದಿಗಿಳಿದು ಪ್ರಾರ್ಥಿಸಿದರು. ಅಂದಿನಿಂದ ಆತ ಅವರಿಗೆ ಭೂಕಂಪಗಳ ಸ್ವಾಮಿ. ಆ ಶಿಲುಬೆಯ ಮುಂದೆ ಆತ ಹೆಂಡತಿಗೆ, "ಮಗಳು ಹುಟ್ಟಿದಾಗ ನಾನು ಬರಬೇಕಿತ್ತು" ಎಂದರು. ಇಪ್ಪತ್ತು ವರ್ಷಗಳಿಂದ ಆಕೆ ಕಾದಿದ್ದ ಮಾತು ಅದು.

"ಫಾದರ್, ನಾವು ಮಾಚು ಪಿಚು ನೋಡಲಿಲ್ಲ" ಎಂದು ಆಕೆ ಮರಳಿ ಬಂದ ಮೇಲೆ ಹೇಳಿದರು. ಆದರೆ ಹಾಗೆ ಹೇಳುವಾಗ ಮುಖದಲ್ಲಿ ನಗುವಿತ್ತು.

ಹಾಗಾದರೆ ದೇವರೇ ಪೆಟ್ಟಿಗೆಯನ್ನು ಕಳೆದು, ದೇವರೇ ಕಾಯಿಲೆ ಕೊಟ್ಟು ಇವರನ್ನು ಒಂದುಗೂಡಿಸಿದರೇ? ಹಾಗೆ ನಾನು ಹೇಳಲಾರೆ. ನಮ್ಮ ತಂದೆಯಾದ ದೇವರು ಮಕ್ಕಳ ಪೆಟ್ಟಿಗೆ ಅಡಗಿಸಿಟ್ಟು ಪಾಠ ಕಲಿಸುವವರಲ್ಲ. ವಿಮಾನ ತಡವಾಗುವುದು ಮನುಷ್ಯರ ಲೋಕದ ಸಂಗತಿ. ಎಷ್ಟೋ ಕಷ್ಟಗಳಿಗೆ ಸುಖಾಂತ್ಯವೂ ಇರುವುದಿಲ್ಲ. ಆದರೆ ನಡುದಾರಿಯಲ್ಲಿ ನಿಂತವರ ಪಕ್ಕದಲ್ಲಿ ಪ್ರಭು ನಿಲ್ಲುತ್ತಾರೆ ಎಂಬುದು ನಮ್ಮ ವಿಶ್ವಾಸ.

ಸಂತ ಪೌಲರು ರೋಮಿಗೆ ಹೋಗುವಾಗ ಹಡಗು ಬಿರುಗಾಳಿಗೆ ಸಿಕ್ಕಿ ಹದಿನಾಲ್ಕು ರಾತ್ರಿ ಅಲೆಯಿತು. ಹೊರಡಬೇಡಿರೆಂದು ಅವರು ಮೊದಲೇ ಎಚ್ಚರಿಸಿದ್ದರು. ಅದನ್ನು ಒಮ್ಮೆ ನೆನಪಿಸಿದರು ಕೂಡ. ಆದರೆ ಅಲ್ಲಿಗೇ ನಿಲ್ಲದೆ ಧೈರ್ಯ ಹೇಳಿದರು, ರೊಟ್ಟಿ ತೆಗೆದುಕೊಂಡು ದೇವರಿಗೆ ವಂದಿಸಿ, ಹಡಗಿನಲ್ಲಿದ್ದ 276 ಜನರಿಗೂ ಊಟ ಮಾಡಲು ಹೇಳಿದರು. ಹಡಗು ಒಡೆಯಿತು, ಜನ ಉಳಿದರು. ನಮ್ಮ ಸಂತ ಫ್ರಾನ್ಸಿಸ್ ಕ್ಸೇವಿಯರರು 1541ರ ಏಪ್ರಿಲಿನಲ್ಲಿ ಲಿಸ್ಬನ್ ಬಿಟ್ಟು ಗೋವೆ ತಲುಪಿದ್ದು 1542ರ ಮೇ ತಿಂಗಳಲ್ಲಿ. ನಡುವೆ ಮೊಜಾಂಬಿಕಿನಲ್ಲಿ ತಿಂಗಳುಗಟ್ಟಲೆ ತಡೆಯಬೇಕಾಯಿತು. ಆ ದಿನಗಳನ್ನು ಅವರು ರೋಗಿಗಳ ಸೇವೆಯಲ್ಲಿ ಕಳೆದರು.

ಇನ್ನೂ ಹತ್ತಿರದ ಉದಾಹರಣೆ ಬೇಕೇ? 2013ರ ಜುಲೈಯಲ್ಲಿ ರಿಯೊದಲ್ಲಿ ವಿಶ್ವ ಯುವಜನ ದಿನ ನಡೆಯಿತು. 2025ರಲ್ಲಿ ದೇವರ ಪಾದ ಸೇರಿದ ಜಗದ್ಗುರು ಫ್ರಾನ್ಸಿಸರ ಮೊದಲ ವಿದೇಶ ಪ್ರವಾಸ ಅದು. ಬಂದ ದಿನವೇ ಅವರ ಕಾರು ದಾರಿ ತಪ್ಪಿ ಜನಸಂದಣಿಯಲ್ಲಿ ಸಿಕ್ಕಿಕೊಂಡಿತು. ಅವರು ಕಿಟಕಿಯ ಗಾಜು ಏರಿಸಲಿಲ್ಲ. ಜನರ ಕೈ ಹಿಡಿದರು. ಕೊನೆಯ ಜಾಗರಣೆಗೆಂದು ಗ್ವಾರಾಚಿಬಾದಲ್ಲಿ ಸಿದ್ಧಪಡಿಸಿದ್ದ ದೊಡ್ಡ ಬಯಲು ಮಳೆಗೆ ಕೆಸರುಗದ್ದೆಯಾಯಿತು. ಎಲ್ಲವನ್ನೂ ಕೊಪಕಬಾನ ಕಡಲತೀರಕ್ಕೆ ಬದಲಿಸಬೇಕಾಯಿತು. ವಿಶ್ವಾಸದ ನಿಜವಾದ ಬಯಲು ಒಂದು ಜಾಗವಲ್ಲ, ನಾವೇ ಎಂದು ಪ್ರಭು ಹೇಳುತ್ತಿರಬಹುದೇ ಎಂದು ಅಂದು ಜಗದ್ಗುರುಗಳು ಯುವಜನರನ್ನು ಕೇಳಿದರು.

ದೂರ ಹೋಗುವವರಿಗೆ ಕೆಲವು ವ್ಯವಹಾರದ ಮಾತುಗಳನ್ನೂ ಹೇಳುವೆ; ವಿವೇಕವೂ ಒಂದು ಸದ್ಗುಣವೇ. ಮಾತ್ರೆ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಪೆಟ್ಟಿಗೆ ಬಾರದಿದ್ದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ಬರಹದಲ್ಲಿ ದೂರು ಕೊಡಿ. ಬ್ರೆಜಿಲ್, ಪೆರುವಿನಂಥ ದೇಶಗಳಿಗೆ ಹೋಗುವವರು ಹೊರಡುವುದಕ್ಕೆ ಹತ್ತು ದಿನವಾದರೂ ಮೊದಲು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಪ್ರಮಾಣಪತ್ರ ಜೊತೆಗಿಡಿ. ಅದಿಲ್ಲದೆ ಮರಳಿದರೆ ನಮ್ಮ ದೇಶದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಎತ್ತರದ ಊರಿನಲ್ಲಿ ಮೊದಲ ಒಂದೆರಡು ದಿನ ವಿಶ್ರಾಂತಿಗೆ ಬಿಡಿ. ಎರಡು ಊರುಗಳ ನಡುವೆ ಒಂದು ದಿನ ಖಾಲಿ ಇಡಿ. ಎಲ್ಲಕ್ಕಿಂತ ಮುಖ್ಯವಾಗಿ, "ನಾನು ಹೇಳಿರಲಿಲ್ಲವೇ" ಎಂಬ ಮಾತನ್ನು ಮನೆಯಲ್ಲೇ ಬಿಟ್ಟು ಹೊರಡಿ.

ಕೊನೆಗೆ ಅತ್ತೂರಿಗೇ ಮರಳೋಣ. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನಮ್ಮ ಪೂರ್ವಜರು ಸೆರೆಯಾಗಿ ಶ್ರೀರಂಗಪಟ್ಟಣದ ದಾರಿ ಹಿಡಿದರು. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. 1799ರ ನಂತರ ಉಳಿದವರು ಮರಳಿದಾಗ ಇಗರ್ಜಿಯಿರಲಿಲ್ಲ. ಹೊಸ ಜಾಗ ಹುಡುಕುತ್ತ ಸಂತ ಲಾರೆನ್ಸರ ಮರದ ಪ್ರತಿಮೆ ಹೊತ್ತು ನಡೆದರೆಂದೂ, ಒಂದೆಡೆ ಇಳಿಸಿದ ಪ್ರತಿಮೆ ಮೇಲೆತ್ತಲಾಗದಷ್ಟು ಭಾರವಾಯಿತೆಂದೂ, ಅಲ್ಲೇ ಇಗರ್ಜಿ ಎದ್ದಿತೆಂದೂ ಹಿರಿಯರು ಹೇಳುವ ಐತಿಹ್ಯ. 2016ರಲ್ಲಿ ಬಸಿಲಿಕವೆಂಬ ಗೌರವ ಪಡೆದು, ಇಂದು ಎಲ್ಲ ಜಾತಿ ಧರ್ಮದವರು ಹರಕೆ ಹೊತ್ತು ಬರುವ ಕ್ಷೇತ್ರ ಅದೇ. ಹೊತ್ತವರ ಕೈ ಸೋತು ಪ್ರಯಾಣ ನಿಂತ ಜಾಗವೇ ಪ್ರಾರ್ಥನೆಯ ಜಾಗವಾಯಿತು.

ನಮ್ಮ ಮನೆಗಳಲ್ಲೂ ಪ್ರಯಾಣ ನಿಂತ ಜಾಗಗಳಿವೆ. ಪರೀಕ್ಷೆಯಲ್ಲಿ ಸೋತ ಮಗ, ಬಾರದ ವೀಸಾ, ಮಣಿಪಾಲದ ಆಸ್ಪತ್ರೆಯ ಮಂಚದಲ್ಲಿ ಕಳೆದ ರಾತ್ರಿಗಳು. ಇಂದು ರಾತ್ರಿ ಜಪಸರದ ಬಳಿಕ ಗಂಡ ಹೆಂಡತಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಕಳೆದ ಕಷ್ಟದಲ್ಲಿ ನಾನು ನಿನ್ನ ಜೊತೆ ನಡೆದೆನೇ, ನಿನ್ನ ಮೇಲೆ ತಪ್ಪು ಹೊರಿಸಿ ಮುಂದೆ ನಡೆದೆನೇ? ಉತ್ತರ ಕಹಿಯಾಗಿದ್ದರೆ ಹೆದರಬೇಡಿ. ಮರಿಯ, ಜೋಸೆಫರೂ ಬಂದ ದಾರಿಯಲ್ಲಿ ಹಿಂದೆ ನಡೆದೇ ಯೇಸುವನ್ನು ಕಂಡುಕೊಂಡರು.

ಪ್ರಭುವೇ, ನಮ್ಮ ದಾರಿ ತಪ್ಪಿದರೂ ನಮ್ಮ ಜೊತೆ ತಪ್ಪದಂತೆ ಕಾಪಾಡಿರಿ. ಆಮೆನ್.